ವಿದೇಶ ವ್ಯಾಸಂಗ: ಅಂಕಪಟ್ಟಿ ಇದ್ದರೆ ಸಾಲದು, ಆಸ್ತಿಪತ್ರವೂ ಬೇಕು

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮರುದಿನ ಕರಾವಳಿಯ ಅವಳಿ ಜಿಲ್ಲೆಗಳ ಹೆಸರು ಪತ್ರಿಕೆಗಳ ಮುಖಪುಟದಲ್ಲಿ ಕಾಣಿಸಿಕೊಳ್ಳುವುದು ಈಗ ವಾಡಿಕೆಯೇ ಆಗಿದೆ. 2024ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ 97.37 ಫಲಿತಾಂಶ ಪಡೆದು ರಾಜ್ಯಕ್ಕೆ ಮೊದಲನೆಯದಾಯಿತು, ಉಡುಪಿ ಎರಡನೆಯದಾಯಿತು. 2025ರಲ್ಲಿ ಉಡುಪಿ ಶೇ 93.90 ಪಡೆದು ಮೊದಲ ಸ್ಥಾನಕ್ಕೆ ಬಂತು, ದಕ್ಷಿಣ ಕನ್ನಡ ಎರಡನೆಯ ಸ್ಥಾನದಲ್ಲಿ ನಿಂತಿತು. ಮಕ್ಕಳ ಮತ್ತು ಅಧ್ಯಾಪಕರ ಈ ಶ್ರಮದ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಅಷ್ಟು ಒಳ್ಳೆಯ ಅಂಕ ಪಡೆದ ಮಕ್ಕಳು ಆಮೇಲೆ ಎಲ್ಲಿಗೆ ಹೋದರು, ಒಂದೇ ತರಗತಿಯಲ್ಲಿ ಕುಳಿತು ಸರಿಸಮಾನ ಅಂಕ ಪಡೆದ ಇಬ್ಬರಲ್ಲಿ ಒಬ್ಬರು ಮ್ಯೂನಿಕ್‌ಗೋ ಟೊರಾಂಟೊಗೋ ಹೋಗಿ ಇನ್ನೊಬ್ಬರು ಮಂಗಳೂರಿನ ಹಂಪನಕಟ್ಟೆಯ ಬಟ್ಟೆಯಂಗಡಿಯಲ್ಲಿ ಬಿಲ್ ಬರೆಯುವಂತಾದದ್ದು ಏಕೆ ಎಂಬುದನ್ನು ಯಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ಫಲಿತಾಂಶದ ಸುದ್ದಿ ಆರುವ ಮೊದಲೇ ಮಂಗಳೂರು, ಮಣಿಪಾಲಗಳ ಹೋಟೆಲ್ ಸಭಾಂಗಣಗಳಲ್ಲಿ ನಡೆಯುವ ವಿದೇಶ ಶಿಕ್ಷಣ ಮೇಳಗಳ ಜಾಹೀರಾತುಗಳು ಬರತೊಡಗುತ್ತವೆ. ಆ ಮೇಳದ ಬಾಗಿಲವರೆಗೂ ಬಾರದ ಮಕ್ಕಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಎರಡು ಜಿಲ್ಲೆಗಳ ಹಲವು ಶಾಖೆಗಳಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಹೊಣೆ ನನ್ನದಾಗಿತ್ತು. ಆ ಅನುಭವದಿಂದ ನಾನು ಖಚಿತವಾಗಿ ಹೇಳಬಲ್ಲ ಮಾತೊಂದಿದೆ: ಉನ್ನತ ಶಿಕ್ಷಣಕ್ಕೆ ಯಾರು ಎಷ್ಟು ದೂರ ಹೋಗಬಲ್ಲರು ಎಂಬುದನ್ನು ನಮ್ಮಲ್ಲಿ ನಿರ್ಧರಿಸುವುದು ಅಂಕಪಟ್ಟಿಯಲ್ಲ, ಆ ಮಗುವಿನ ಮನೆಯವರ ಕೈಯಲ್ಲಿರುವ ಜಾಗದ ಕಾಗದಪತ್ರ. ಪ್ರತಿಭೆಗೆ ತಕ್ಕ ಅವಕಾಶ ಎಂಬ ಮಾತನ್ನು ಸಭೆಗಳಲ್ಲಿ ಕೇಳುವಾಗಲೆಲ್ಲ ನನಗೆ ನೆನಪಾಗುವುದು ಶಾಖೆಯ ಕಪಾಟಿನಲ್ಲಿ ತಿರಸ್ಕೃತವಾಗಿ ಉಳಿದ ಆ ಅರ್ಜಿಗಳು.

ವಿಷಯ ಅರ್ಥವಾಗಬೇಕಾದರೆ ಸಾಲದ ನಿಯಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯೇ ಇಂದಿಗೂ ಬಹುತೇಕ ಬ್ಯಾಂಕುಗಳ ಸಾಲಕ್ಕೆ ತಳಹದಿ. ಅದರ ಪ್ರಕಾರ 4 ಲಕ್ಷ ರೂಪಾಯಿವರೆಗೆ ಯಾವ ಭದ್ರತೆಯನ್ನೂ ಕೇಳುವುದಿಲ್ಲ, 7.5 ಲಕ್ಷದವರೆಗೆ ಮೂರನೆಯವರೊಬ್ಬರ ಜಾಮೀನು ಅಥವಾ ಸರ್ಕಾರದ ಸಾಲ ಖಾತರಿ ನಿಧಿಯ ಆಸರೆ ಸಾಕು. ಅದನ್ನು ಮೀರಿದ ಮೊತ್ತಕ್ಕೆ ಸ್ಥಿರಾಸ್ತಿಯನ್ನೋ ಠೇವಣಿಯನ್ನೋ ಅಡಮಾನ ಇಡಬೇಕು. 4 ಲಕ್ಷ ದಾಟಿದ ಸಾಲದಲ್ಲಿ, ದೇಶದೊಳಗಿನ ವ್ಯಾಸಂಗವಾದರೆ ಖರ್ಚಿನ ಶೇ 5ನ್ನೂ ವಿದೇಶವಾದರೆ ಶೇ 15ನ್ನೂ ಕುಟುಂಬವೇ ಭರಿಸಬೇಕು. ಊರಿನ ಕಾಲೇಜಿನಲ್ಲಿ ಬಿಕಾಂ ಓದುವವರಿಗೆ, ಪಾಲಿಟೆಕ್ನಿಕ್ ಸೇರುವವರಿಗೆ ಈ ನಿಯಮ ಸಾಕಷ್ಟು ಉದಾರವೇ. ಆದರೆ ವಿದೇಶದ ಹೆಚ್ಚಿನ ಸ್ನಾತಕೋತ್ತರ ಕೋರ್ಸುಗಳು ಏಳೂವರೆ ಲಕ್ಷದಲ್ಲಿ ಮುಗಿಯುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ಲಕ್ಷದ ಮಾತು ಬಂದ ಕೂಡಲೇ ವಿದ್ಯಾರ್ಥಿಯ ಸಾಮರ್ಥ್ಯದ ಪ್ರಶ್ನೆ ಹಿಂದೆ ಸರಿದು, ತಂದೆಯ ಹೆಸರಿನಲ್ಲಿ ಯಾವ ಬಗೆಯ ಜಾಗವಿದೆ ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಯಾವ ಬಗೆಯ ಜಾಗ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ನಮ್ಮ ಕಡೆ ಜಾಗವಿಲ್ಲದವರು ಕಡಿಮೆ ಎಂದು ಹೊರಗಿನವರು ಭಾವಿಸುತ್ತಾರೆ, ಏಕೆಂದರೆ ಹೆಚ್ಚಿನವರಿಗೆ ಒಂದು ಮನೆ, ಅದರ ಸುತ್ತ ನಾಲ್ಕು ತೆಂಗಿನಮರ ಇರುತ್ತವೆ. ಆದರೆ ಬ್ಯಾಂಕು ಮರ ನೋಡಿ ಸಾಲ ಕೊಡುವುದಿಲ್ಲ. ಭೂ ಪರಿವರ್ತನೆಯಾದ, ಪಂಚಾಯಿತಿಯಲ್ಲಿ 9/11 (ನಮೂನೆ 9 ಮತ್ತು 11ರ ಆಸ್ತಿ ದಾಖಲೆ) ಆಗಿರುವ, ಋಣಭಾರ ಪತ್ರ ಸ್ವಚ್ಛವಾಗಿರುವ, ರಸ್ತೆ ಸಂಪರ್ಕವಿರುವ ಜಾಗ ಅದಕ್ಕೆ ಬೇಕು. ಕೃಷಿ ಭೂಮಿಯಾದರೆ, ಬ್ಯಾಂಕುಗಳು ಸಾಲ ವಸೂಲಿಗೆ ಬಳಸುವ 2002ರ ಸರ್ಫೇಸಿ ಕಾಯ್ದೆಯಡಿ ಅದನ್ನು ವಶಪಡಿಸಿಕೊಳ್ಳಲು ಬರುವುದಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲದ ಭದ್ರತೆಯಾಗಿ ಅದನ್ನು ಒಪ್ಪಿಕೊಳ್ಳಲು ಬ್ಯಾಂಕುಗಳು ಹಿಂಜರಿಯುತ್ತವೆ. ಕೃಷಿ ಜಮೀನಿಗೆ ತಾಗಿದ ಸರ್ಕಾರಿ ಜಾಗವಾದ ಕುಮ್ಕಿಯಲ್ಲಿ ಇರುವುದು ಅನುಭೋಗದ ಹಕ್ಕು ಮಾತ್ರ, ಅದನ್ನು ಅಡವಿಡುವ ಮಾತೇ ಇಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮಗೊಳಿಸುವ 94ಸಿ ನಿಯಮದ ಅಡಿಯಲ್ಲಿ ಹಕ್ಕುಪತ್ರ ಸಿಕ್ಕಿದ ಮನೆಯಡಿ ಜಾಗ, ಕಾಲೊನಿಯ ಐದು ಸೆಂಟ್ಸ್, ಅಕ್ರಮ ಸಕ್ರಮದಲ್ಲಿ ಮಂಜೂರಾದ ತುಂಡು, ಇವುಗಳ ಜತೆ ವರ್ಷಗಟ್ಟಲೆ ಪರಭಾರೆ ಮಾಡಬಾರದೆಂಬ ಷರತ್ತು ಬಂದಿರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಅನ್ಯರ ಪಾಲಾಗದಂತೆ ಕಾಯುವ 1978ರ ಕಾಯ್ದೆ ಅತ್ಯಗತ್ಯವಾದ ಕಾಯ್ದೆ, ಅದನ್ನು ಸಡಿಲಿಸಬೇಕೆಂದು ನಾನು ಎಂದಿಗೂ ಹೇಳಲಾರೆ. ಆದರೆ ಇಂಥ ಜಮೀನಿನ ಕಡತ ಬಂದಾಗ ಬ್ಯಾಂಕಿನ ಪ್ಯಾನೆಲ್ ವಕೀಲರು ಅನುಕೂಲಕರ ಅಭಿಪ್ರಾಯ ಬರೆದುಕೊಡಲು ಹಿಂದೆ ಮುಂದೆ ನೋಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಡವರ ಆಸ್ತಿಯನ್ನು ರಕ್ಷಿಸುವ ನಿಯಮಗಳೇ ಸಾಲದ ಕೌಂಟರಿನಲ್ಲಿ ಅವರ ಆಸ್ತಿಗೆ ಬೆಲೆಯಿಲ್ಲದಂತೆ ಮಾಡುತ್ತವೆ, ಮತ್ತು ಈ ಕೊರತೆಯನ್ನು ತುಂಬಿಕೊಡುವ ಬೇರೆ ಏರ್ಪಾಟನ್ನು ಯಾರೂ ಮಾಡಿಲ್ಲ.

ಇದಕ್ಕೊಂದು ಹಿನ್ನೆಲೆಯಿದೆ. 1974ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಭೂ ಸುಧಾರಣೆಯ ತಿದ್ದುಪಡಿ ಕಾನೂನು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಆದಷ್ಟು ಪರಿಣಾಮಕಾರಿಯಾಗಿ ಬೇರೆ ಕಡೆ ಆದದ್ದು ಕಡಿಮೆ. ಡಿಕ್ಲರೇಶನ್ (ಗೇಣಿ ಜಾಗದ ಹಕ್ಕು ಕೋರುವ ಅರ್ಜಿ) ಕೊಟ್ಟು ಆ ಜಾಗವನ್ನು ಸ್ವಂತ ಮಾಡಿಕೊಂಡ ಒಕ್ಕಲು ಕುಟುಂಬಗಳ ಮುಂದಿನ ತಲೆಮಾರು ಓದಿತು, ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋಯಿತು. ಅವರ ಮೊಮ್ಮಕ್ಕಳು ಈಗ ಜರ್ಮನಿಗೋ ಆಸ್ಟ್ರೇಲಿಯಾಕ್ಕೋ ಹೊರಟಾಗ ಅಜ್ಜನಿಗೆ ಸಿಕ್ಕಿದ ಅದೇ ಜಾಗದ ಒಂದು ಭಾಗ ಪರಿವರ್ತನೆಯಾಗಿ ಬ್ಯಾಂಕಿಗೆ ಅಡಮಾನವಾಗುತ್ತದೆ. ಇದು ಸಂತೋಷದ ವಿಷಯ. ಒಂದು ಕಾನೂನು ಒಂದು ತಲೆಮಾರನ್ನು ಎಷ್ಟು ಎತ್ತರಕ್ಕೆ ಒಯ್ಯಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಅದೇ ಗದ್ದೆಗಳಲ್ಲಿ ಗೇಣಿಯೂ ಇಲ್ಲದೆ ಕೇವಲ ಕೂಲಿಗೆ ದುಡಿದವರಿಗೆ ಡಿಕ್ಲರೇಶನ್ ಕೊಡಲು ಏನೂ ಇರಲಿಲ್ಲ. ಅವರಿಗೆ ದಕ್ಕಿದ್ದು ಹೆಚ್ಚೆಂದರೆ ವಾಸದ ಮನೆಯಡಿಯ ಕೆಲವು ಸೆಂಟ್ಸ್. ಐವತ್ತು ವರ್ಷಗಳ ಹಿಂದೆ ಒಕ್ಕಲು ಯಾರು, ಕೂಲಿ ಯಾರು ಎಂದು ಬಿದ್ದ ಗೆರೆ ಇಂದು ವಿದೇಶಕ್ಕೆ ಹೋಗುವವರು ಯಾರು, ಹೋಗದವರು ಯಾರು ಎಂಬ ಗೆರೆಯಾಗಿ ಮುಂದುವರಿದಿದೆ. ಆ ಗೆರೆ ಬಹುಮಟ್ಟಿಗೆ ಜಾತಿಯ ಗೆರೆಯೂ ಹೌದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ತಾಯಿ ಬೀಡಿ ಕಟ್ಟಿ, ತಂದೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು ಓದಿಸಿದ ಹುಡುಗಿಯೊಬ್ಬಳು ಸರ್ಕಾರಿ ಕೋಟಾದಲ್ಲಿ ಎಂಜಿನಿಯರಿಂಗ್ ಮುಗಿಸಿ, ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಪ್ರವೇಶಪತ್ರ ಪಡೆದು ನಮ್ಮ ಶಾಖೆಗೆ ಬಂದಿದ್ದಳು. ಅಲ್ಲಿ ಬೋಧನಾ ಶುಲ್ಕವೇ ಇರಲಿಲ್ಲ. ಜೀವನ ನಿರ್ವಹಣೆಯ ಹಣಕ್ಕಷ್ಟೇ ಸಾಲ ಬೇಕಾಗಿತ್ತು. ಮನೆ ಇದ್ದದ್ದು ಹಕ್ಕುಪತ್ರದ ಜಾಗದಲ್ಲಿ. ಜಾಮೀನು ನಿಲ್ಲಲು ಸಂಬಂಧಿಕರಲ್ಲಿ ಸಂಬಳದ ಚೀಟಿ ಇದ್ದವರು ಯಾರೂ ಇರಲಿಲ್ಲ. ಮೇಲಿನ ಕಚೇರಿಗೆ ಕಳಿಸಿದ ಪ್ರಸ್ತಾವ ‘ಭದ್ರತೆ ಸಾಲದು’ ಎಂಬ ಎರಡು ಪದಗಳ ಷರಾದೊಂದಿಗೆ ಮರಳಿತು. ಅದೇ ತಿಂಗಳು ಅವಳಿಗಿಂತ ಬಹಳ ಕಡಿಮೆ ಅಂಕ ಪಡೆದಿದ್ದ ಹುಡುಗನೊಬ್ಬನಿಗೆ, ಅಷ್ಟೇನೂ ಹೆಸರಿಲ್ಲದ ವಿಶ್ವವಿದ್ಯಾಲಯವೊಂದಕ್ಕೆ ಹೋಗಲು ದೊಡ್ಡ ಮೊತ್ತದ ಸಾಲ ಒಂದು ವಾರದೊಳಗೆ ಮಂಜೂರಾಯಿತು. ಅವನ ತಂದೆಯ ಹೆಸರಿನಲ್ಲಿ ನಗರದೊಳಗೆ ಎರಡು ಮಹಡಿಯ ವಾಣಿಜ್ಯ ಕಟ್ಟಡವಿತ್ತು. ಇಬ್ಬರ ವಿಷಯದಲ್ಲೂ ಬ್ಯಾಂಕು ನಿಯಮವನ್ನು ಮೀರಲಿಲ್ಲ. ನಿಯಮ ಮೀರದೆಯೇ ಇಷ್ಟು ದೊಡ್ಡ ಅನ್ಯಾಯ ನಡೆಯಬಲ್ಲದಾದರೆ ಆ ನಿಯಮವನ್ನು ಮರಳಿ ಪರಿಶೀಲಿಸಲೇಬೇಕು.

ಬ್ಯಾಂಕು ಒಲ್ಲೆ ಎಂದರೆ ಖಾಸಗಿ ಹಣಕಾಸು ಸಂಸ್ಥೆಗಳು ಅಡಮಾನವಿಲ್ಲದೆ ಸಾಲ ಕೊಡುತ್ತವಲ್ಲ ಎಂದು ಕೆಲವರು ಹೇಳುತ್ತಾರೆ. ಕೊಡುತ್ತವೆ, ಆದರೆ ಬಡ್ಡಿ ಹೆಚ್ಚು, ಸಹ ಅರ್ಜಿದಾರರ ಆದಾಯ ತೆರಿಗೆ ವಿವರ ಬೇಕು, ಕೋರ್ಸ್ ನಡೆಯುವಾಗಲೇ ಬಡ್ಡಿಯ ಒಂದು ಪಾಲನ್ನು ಕಟ್ಟುತ್ತ ಹೋಗಬೇಕಾಗುವುದೂ ಉಂಟು. ದಿನಗೂಲಿಯ ಮನೆಯಲ್ಲಿ ಆದಾಯ ತೆರಿಗೆ ವಿವರ ಎಲ್ಲಿಂದ ಬರಬೇಕು? ಹೀಗೆ ಕಡಿಮೆ ಬಡ್ಡಿಯ ಸಾಲ ಆಸ್ತಿವಂತರಿಗೆ, ಹೆಚ್ಚಿನ ಬಡ್ಡಿಯ ಸಾಲ ಸಂಬಳದಾರರಿಗೆ, ಉಳಿದವರಿಗೆ ಏನೂ ಇಲ್ಲ ಎಂಬಂತಾಗಿದೆ.

ಇದು ಬ್ಯಾಂಕುಗಳ ತವರಿನಲ್ಲಿ ನಡೆಯುತ್ತಿದೆ ಎಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕನ್ನು ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಯವರು ಅದಕ್ಕೂ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲನ್ನು ಸ್ಥಾಪಿಸಿದ್ದರು. ವಿದ್ಯೆ ಮತ್ತು ಹಣಕಾಸು ಎರಡೂ ಒಟ್ಟಿಗೆ ಸಾಗಬೇಕೆಂದು ಅವರು ಕಂಡಿದ್ದರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಕೈಮಗ್ಗದ ನೇಕಾರರಿಗೆ ನೆರವಾಗಲೆಂದೇ ಆರಂಭವಾಯಿತು, ಮತ್ತು 1928ರಲ್ಲಿ ಪಿಗ್ಮಿ ಠೇವಣಿಯ ಮೂಲಕ ಮನೆ ಮನೆಗೆ ಹೋಗಿ ಬಡವರ ಬಿಡಿಕಾಸನ್ನು ಒಟ್ಟುಗೂಡಿಸಿತು. ಆಸ್ತಿಯಿಲ್ಲದವರನ್ನು ನಂಬಿ ವ್ಯವಹಾರ ಮಾಡಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟ ನೆಲ ಇದು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯ, ಕಾರ್ಪೊರೇಷನ್, ಸಿಂಡಿಕೇಟ್ ಎಂಬ ಹೆಸರುಗಳೇ ಅಳಿಸಿಹೋದವು. ಊರನ್ನು, ಮನೆತನವನ್ನು, ಹುಡುಗಿಯ ಓದನ್ನು ಬಲ್ಲ ಮ್ಯಾನೇಜರನ ಮಾತಿಗೆ ಮೊದಲು ಇದ್ದ ತೂಕ ಈಗ ಉಳಿದಿಲ್ಲ. ಅರ್ಜಿ ದೂರದ ಸಂಸ್ಕರಣಾ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಕಾಣುವುದು ಕಾಗದ ಮಾತ್ರ.

ಸಾಲದವರೆಗೆ ಬರುವುದಕ್ಕೂ ಮೊದಲೇ ಸೋಸಿಹೋಗುವವರ ಸಂಗತಿ ಬೇರೆಯೇ ಇದೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜವಾದರೂ, ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚೆಂದು 11,904 ಯೂರೋಗಳನ್ನು ಮುಂಗಡವಾಗಿ ಪ್ರತ್ಯೇಕ ಖಾತೆಯಲ್ಲಿ ಇಟ್ಟು ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಅದು ಹತ್ತು ಲಕ್ಷಕ್ಕೂ ಮೀರಿದ ಮೊತ್ತ. ನಮ್ಮ ಅಂಕಪಟ್ಟಿ, ಪದವಿಪತ್ರಗಳನ್ನು ಜರ್ಮನಿಗಾಗಿ ಪರಿಶೀಲಿಸುವ, 2022ರ ನವೆಂಬರ್‌ನಿಂದ ಕಡ್ಡಾಯವಾದ ಎಪಿಎಸ್ ದೃಢೀಕರಣಕ್ಕೆ 18,000 ರೂಪಾಯಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಒಂದು ಸಲ ಬರೆಯಲು ಬೀಡಿ ಕಾರ್ಮಿಕರೊಬ್ಬರ ತಿಂಗಳ ಸಂಪಾದನೆಗಿಂತ ಹೆಚ್ಚಿನ ಹಣ. ಕೆನಡಾ 2024ರ ಜನವರಿಯಲ್ಲಿ, ವಿದ್ಯಾರ್ಥಿ ತೋರಿಸಬೇಕಾದ ಜೀವನವೆಚ್ಚದ ಮೊತ್ತವನ್ನು 10,000 ಡಾಲರಿನಿಂದ 20,635 ಡಾಲರಿಗೆ, ಅಂದರೆ ಇಮ್ಮಡಿಗಿಂತಲೂ ಮೇಲಕ್ಕೆ ಏರಿಸಿತು. ಇದರ ಜತೆಗೆ ಪ್ರತಿ ವಿಶ್ವವಿದ್ಯಾಲಯದ ಅರ್ಜಿ ಶುಲ್ಕ, ನಮ್ಮ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಪಡೆಯುವ ಖರ್ಚು, ವೀಸಾ ಸಂದರ್ಶನಕ್ಕೆ ಚೆನ್ನೈಗೋ ಬೆಂಗಳೂರಿಗೋ ಹೋಗಿಬರುವ ಖರ್ಚು. ಪ್ರವೇಶ ಸಿಗುತ್ತದೆಯೋ ಇಲ್ಲವೋ ಎಂದು ತಿಳಿಯುವ ಮೊದಲೇ ಲಕ್ಷದ ಹತ್ತಿರ ಹಣ ಕೈಬಿಟ್ಟು ಹೋಗುತ್ತದೆ. ಅನುಕೂಲಸ್ಥರಿಗೆ ಇದು ಒಂದು ಪ್ರಯತ್ನ. ಇಲ್ಲದವರಿಗೆ ತಂಗಿಯ ಓದನ್ನೋ ತಾಯಿಯ ಔಷಧಿಯನ್ನೋ ಪಣಕ್ಕಿಡುವ ಜೂಜು. ಈ ಆರಂಭದ ಖರ್ಚಿಗೆ ಬ್ಯಾಂಕೂ ಸಾಲ ಕೊಡುವುದಿಲ್ಲ, ನನಗೆ ತಿಳಿದ ವಿದ್ಯಾರ್ಥಿವೇತನಗಳೂ ಮುಂಗಡವಾಗಿ ಕೊಡುವುದಿಲ್ಲ.

ಹಣದಷ್ಟೇ ದೊಡ್ಡ ಅಂತರ ತಿಳಿವಳಿಕೆಯದು. ಕದ್ರಿ, ಬೆಂದೂರು, ಮಣಿಪಾಲಗಳ ಅನುಕೂಲಸ್ಥ ಮನೆಗಳಲ್ಲಿ ಸೋದರಮಾವನೋ ಚಿಕ್ಕಪ್ಪನ ಮಗಳೋ ಹೊರದೇಶದಲ್ಲಿರುತ್ತಾರೆ. ಯಾವ ತಿಂಗಳಲ್ಲಿ ಅರ್ಜಿ ಹಾಕಬೇಕು, ಉದ್ದೇಶಪತ್ರದಲ್ಲಿ ಏನು ಬರೆಯಬೇಕು, ಶಿಫಾರಸು ಪತ್ರ ಯಾರಿಂದ ಪಡೆಯಬೇಕು ಎಂಬುದು ಊಟದ ಹೊತ್ತಿನ ಮಾತಿನಲ್ಲೇ ಮಗುವಿಗೆ ತಿಳಿದುಬಿಡುತ್ತದೆ. ಬೈಂದೂರಿನಿಂದಲೋ ಸುಳ್ಯದಿಂದಲೋ ಬಂದು ಬಿಸಿಎಂ ಹಾಸ್ಟೆಲಿನಲ್ಲಿದ್ದುಕೊಂಡು, ಬಲ್ಮಠದ ಸರ್ಕಾರಿ ಮಹಿಳಾ ಕಾಲೇಜಿನಲ್ಲೋ ರಥಬೀದಿಯ ಸರ್ಕಾರಿ ಕಾಲೇಜಿನಲ್ಲೋ ಪದವಿ ಓದುವ ವಿದ್ಯಾರ್ಥಿಗೆ ಇದನ್ನು ಹೇಳುವವರು ಯಾರು? ಅತಿಥಿ ಉಪನ್ಯಾಸಕರನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವ ಸರ್ಕಾರಿ ಕಾಲೇಜುಗಳಲ್ಲಿ, ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಎಂದು ತಿಳಿಯದ ಅಧ್ಯಾಪಕರಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಆ ಜಾಗವನ್ನು ತುಂಬುವವರು ಏಜೆಂಟರು. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ, ಆದರೆ ಅವರ ಆದಾಯದ ಬಹುಪಾಲು ಬರುವುದು ವಿದೇಶಿ ಕಾಲೇಜುಗಳು ಕೊಡುವ ಕಮಿಷನ್ನಿನಿಂದ. ಶುಲ್ಕವಿಲ್ಲದ ಜರ್ಮನಿಯ ವಿಶ್ವವಿದ್ಯಾಲಯಕ್ಕೋ ಪೂರ್ಣ ವಿದ್ಯಾರ್ಥಿವೇತನ ಕೊಡುವ ಸಂಶೋಧನಾ ಸಂಸ್ಥೆಗೋ ವಿದ್ಯಾರ್ಥಿಯನ್ನು ಕಳಿಸಿದರೆ ಅವರಿಗೆ ಏನೂ ಸಿಗುವುದಿಲ್ಲ. ಬಡ ವಿದ್ಯಾರ್ಥಿಗೆ ಬೇಕಾದದ್ದು ಅದೇ.

ಪದವಿಯ ಅವಧಿಯ ವಿಚಾರವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ಯಾರ ಗಮನಕ್ಕೂ ಬಂದಂತಿಲ್ಲ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ನಾಲ್ಕು ವರ್ಷಗಳ ಪದವಿಯನ್ನು ಅಪೇಕ್ಷಿಸುತ್ತವೆ. ಎಂಜಿನಿಯರಿಂಗ್ ಓದಿದವರಿಗೆ ಅದು ತಾನಾಗಿಯೇ ಇದೆ. 2021–22ರಲ್ಲಿ ರಾಜ್ಯದಲ್ಲಿ ಆರಂಭವಾದ ನಾಲ್ಕು ವರ್ಷಗಳ ಪದವಿ 2024–25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಬಡ ಮಕ್ಕಳ ಮೇಲೆ ಇನ್ನೊಂದು ವರ್ಷದ ಹೊರೆ ಬೇಡ ಎಂಬ ವಾದದಲ್ಲಿ ಹುರುಳಿದೆ. ಆದರೆ ಬಿಎ, ಬಿಕಾಂ, ಬಿಎಸ್ಸಿಗೆ ಹೆಚ್ಚಾಗಿ ಸೇರುವವರು ಕಡಿಮೆ ಆದಾಯದ ಮನೆಗಳ ಮಕ್ಕಳೇ ಆಗಿರುವುದರಿಂದ, ಬಾಗಿಲು ಕಿರಿದಾದದ್ದೂ ಅವರಿಗೇ. ಬಯಸಿದವರಿಗೆ ನಾಲ್ಕನೆಯ ವರ್ಷವನ್ನು ಜಿಲ್ಲೆಗೊಂದೆರಡು ಸರ್ಕಾರಿ ಕಾಲೇಜುಗಳಲ್ಲಾದರೂ ಉಳಿಸಿಕೊಳ್ಳಬಹುದಿತ್ತು.

ವೈದ್ಯಕೀಯ ಶಿಕ್ಷಣದಲ್ಲಿ ಈ ಅಸಮಾನತೆ ಇನ್ನೂ ಕಟುವಾಗಿದೆ. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು ಕಾಲೇಜು ತೆರೆದಂದಿನಿಂದ ವೈದ್ಯಕೀಯ ಶಿಕ್ಷಣಕ್ಕೆ ಹೆಸರಾದ ಈ ಎರಡು ಜಿಲ್ಲೆಗಳಲ್ಲಿ ಖಾಸಗಿ ಕಾಲೇಜುಗಳ ಸಾಲೇ ಇದ್ದರೂ ಸರ್ಕಾರಿ ವೈದ್ಯಕೀಯ ಕಾಲೇಜು ಒಂದೂ ಇರಲಿಲ್ಲ. ಪುತ್ತೂರಿಗೆ ಒಂದನ್ನು ಘೋಷಿಸಿದ್ದು 2025ರ ರಾಜ್ಯ ಬಜೆಟ್‌ನಲ್ಲಿ. ನೀಟ್‌ಗೆ ತರಬೇತಿ ಕೊಡುವ ವಸತಿ ಸಹಿತ ಪಿಯು ಕಾಲೇಜುಗಳ ಶುಲ್ಕವೇ ಲಕ್ಷಗಳಲ್ಲಿದೆ. ಸರ್ಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಿದ ಅನುಕೂಲಸ್ಥರ ಮಗುವಿಗೆ ಮ್ಯಾನೇಜ್‌ಮೆಂಟ್ ಕೋಟಾ ಇದೆ; ಮಧ್ಯಮ ವರ್ಗದವರು ಉಕ್ರೇನ್, ರಷ್ಯಾ, ಫಿಲಿಪ್ಪೀನ್ಸ್‌ಗಳತ್ತ ನೋಡುತ್ತಾರೆ. 2022ರ ಮಾರ್ಚ್ 1ರಂದು ಖಾರ್ಕೀವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಪಿಯುಸಿಯಲ್ಲಿ ಉತ್ತಮ ಅಂಕ ಪಡೆದಿದ್ದವನು. ಊರಿನಲ್ಲಿ ಸೀಟಿನ ಬೆಲೆ ಭರಿಸಲಾಗದೆ ಅಷ್ಟು ದೂರ ಹೋಗಬೇಕಾಯಿತು ಎಂದು ಅವನ ಮನೆಯವರು ಅಂದು ದುಃಖದಿಂದ ಹೇಳಿದ್ದು ಈ ರಾಜ್ಯದ ಎಲ್ಲರಿಗೂ ನೆನಪಿರಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಇರುವ ಒಂದೇ ಆಸ್ತಿಯನ್ನು ಅಡವಿಡುವ ಪ್ರಸಂಗ ಬಂದಾಗ ಅದು ಮಗನ ಓದಿಗೆ ಮೀಸಲಾಗುತ್ತದೆ. ಮಗಳ ಪಾಲಿಗೆ ಬಸ್ಸಿನಲ್ಲಿ ಹೋಗಿ ಸಂಜೆ ಮರಳಬಹುದಾದ ಕಾಲೇಜೇ ಸಾಕೆನಿಸುತ್ತದೆ. ಹೆಣ್ಣಿನ ಕಡೆಯಿಂದ ಸಂತಾನವನ್ನು, ಆಸ್ತಿಯನ್ನು ಎಣಿಸುತ್ತಿದ್ದ ಅಳಿಯಕಟ್ಟಿನ ನಾಡಿನಲ್ಲೂ ಇದೇ ನಡೆಯುತ್ತಿದೆ.

ಸರ್ಕಾರಗಳು ಏನೂ ಮಾಡಿಲ್ಲವೆಂದು ಹೇಳುವುದು ತಪ್ಪಾಗುತ್ತದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1950ರ ದಶಕದಿಂದ ಇದೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ನೆರವಾಗುತ್ತದೆ. ಆದರೆ ಪ್ರಮಾಣ ನೋಡಿ. 2024ರಲ್ಲಿ ವಿದೇಶಗಳಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 13 ಲಕ್ಷಕ್ಕೂ ಮೇಲೆ. ಅಮೆರಿಕವೊಂದರಲ್ಲೇ 2023–24ರಲ್ಲಿ 3,31,602 ಮಂದಿ ಇದ್ದರು. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಪರಿಶಿಷ್ಟ ಜಾತಿ, ಅಲೆಮಾರಿ, ಭೂರಹಿತ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳಿಗೆಲ್ಲ ಸೇರಿ ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ, ಪರಿಶಿಷ್ಟ ಪಂಗಡಕ್ಕೆ ಪ್ರತ್ಯೇಕವಾಗಿ 20. ಆ 125ರಲ್ಲಿ ಭೂರಹಿತ ಕಾರ್ಮಿಕರು ಮತ್ತು ಕುಶಲಕರ್ಮಿಗಳ ಪಾಲು ನಾಲ್ಕು. ಅದರಲ್ಲೂ 2025ರಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ 40 ಮಂದಿಗೆ ಮಾತ್ರ ತಾತ್ಕಾಲಿಕ ಪತ್ರ ಕೊಟ್ಟು, ಉಳಿದವರಿಗೆ ಹಣದ ಲಭ್ಯತೆಯನ್ನು ನೋಡಿ ತಿಳಿಸಲಾಗುವುದು ಎಂದದ್ದು ವರದಿಯಾಗಿತ್ತು. ಸೆಪ್ಟೆಂಬರಿನಲ್ಲಿ ತರಗತಿ ಆರಂಭವಾಗುವ ವಿದ್ಯಾರ್ಥಿಗೆ ಜುಲೈನಲ್ಲಿ ಇಂಥ ಉತ್ತರ ಬಂದರೆ ಅವರು ಮಾಡುವುದೇನು? ಅಲ್ಪಸಂಖ್ಯಾತರ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ‘ಪಢೋ ಪರದೇಶ್’ ಯೋಜನೆ 2022–23ರಿಂದ ನಿಂತುಹೋಗಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆ ಅಡಮಾನವನ್ನೂ ಜಾಮೀನುದಾರರನ್ನೂ ಕೇಳದೆ ಸಾಲ ಕೊಡುವ ಒಳ್ಳೆಯ ಹೆಜ್ಜೆ. ಆದರೆ ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ, ಆರಂಭದಲ್ಲಿ 860ಕ್ಕೆ, ಸೀಮಿತ.

ಬಡವರು ವಿದೇಶಕ್ಕೇ ಹೋಗಬೇಕೇ, ಇಲ್ಲಿಯೇ ಓದಿದರಾಗದೇ, ಹೋದವರು ಮರಳುತ್ತಾರೆಯೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಅನುಕೂಲಸ್ಥರ ಮಕ್ಕಳ ಕುರಿತು ಯಾರೂ ಕೇಳುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1913ರಲ್ಲಿ ಬರೋಡದ ಮಹಾರಾಜರ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅಂಬೇಡ್ಕರರು ಈ ದೇಶಕ್ಕೆ ಏನನ್ನು ತಂದುಕೊಟ್ಟರು ಎಂಬುದು ಎಲ್ಲರಿಗೂ ಗೊತ್ತು. ನಮ್ಮದೇ ಮಂಗಳೂರಿನಲ್ಲಿ, 1892ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದು ಸ್ವಂತ ಸಮುದಾಯದ ಬಹಿಷ್ಕಾರವನ್ನು ಎದುರಿಸಿದ ಕುದ್ಮುಲ್ ರಂಗರಾಯರು, ಆ ಮಕ್ಕಳು ಓದಿ ಸರ್ಕಾರಿ ಕೆಲಸ ಸೇರಿ ವಾಹನದಲ್ಲಿ ಓಡಾಡುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಬದುಕು ಸಾರ್ಥಕ ಎಂದು ಹೇಳಿದ್ದರು. ಅವರ ಹೆಸರಿನ ಪುರಭವನದಲ್ಲಿ ನಾವು ಸನ್ಮಾನ ಸಮಾರಂಭಗಳನ್ನು ನಡೆಸುತ್ತೇವೆ; ಆ ಮಕ್ಕಳ ಮರಿಮಕ್ಕಳಿಗೆ ಎಲ್ಲಿಯವರೆಗೆ ದಾರಿ ಮಾಡಿಕೊಟ್ಟಿದ್ದೇವೆ ಎಂದೂ ಕೇಳಿಕೊಳ್ಳಬೇಕಾಗಿದೆ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಅನುಪಾತ ದೇಶದಲ್ಲಿ ಶೇ 28.4 ಇದ್ದರೆ, ಪರಿಶಿಷ್ಟ ಜಾತಿಯವರಲ್ಲಿ ಶೇ 25.9, ಪರಿಶಿಷ್ಟ ಪಂಗಡದವರಲ್ಲಿ ಶೇ 21.2. ಇದು ಬರೀ ದಾಖಲಾತಿಯ ಲೆಕ್ಕ. ಯಾವ ಕಾಲೇಜು, ಯಾವ ಕೋರ್ಸು, ಯಾವ ದೇಶ ಎಂದು ಬಿಡಿಸಿ ನೋಡಿದರೆ ಅಂತರ ಇನ್ನೂ ಎಷ್ಟು ಹಿಗ್ಗುತ್ತದೆ ಎಂಬುದನ್ನು ಬ್ಯಾಂಕಿನ ಕಡತಗಳನ್ನು ನೋಡಿದ ನಾನು ಊಹಿಸಬಲ್ಲೆ.

ಎಲ್ಲರೂ ವಿದೇಶಕ್ಕೆ ಹೋಗಲಿ ಎಂಬುದು ನನ್ನ ಮಾತಿನ ಅರ್ಥವಲ್ಲ. ಸಾಲ ಮಾಡಿ ಹೋಗುವುದರ ಅಪಾಯವನ್ನೂ ಬಲ್ಲೆ. ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಗಿಗಳ ಸಂಖ್ಯೆಗೆ ಮಿತಿ ಹಾಕಿತು. ಬ್ರಿಟನ್ ಅದೇ ವರ್ಷದ ಜನವರಿಯಿಂದ ಸಂಶೋಧನೆಯೇತರ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬವನ್ನು ಕರೆದೊಯ್ಯುವುದನ್ನು ನಿಲ್ಲಿಸಿತು. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲವೆಂದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನಿಯಮ ಬದಲಾಗಿ ಕೆಲಸ ಸಿಗದಿದ್ದರೆ ಆಸ್ತಿವಂತರ ಮಗ ಮನೆಗೆ ಮರಳಿ ತಂದೆಯ ವ್ಯಾಪಾರ ನೋಡಿಕೊಳ್ಳುತ್ತಾನೆ. ಇದ್ದ ಒಂದೇ ಮನೆಯನ್ನು ಅಡವಿಟ್ಟವರಿಗೆ ಮರಳಲು ಮನೆಯೇ ಇರುವುದಿಲ್ಲ. ಆದ್ದರಿಂದಲೇ ಖಾತರಿಯ ಹೊಣೆಯನ್ನು ಕುಟುಂಬದ ಹೆಗಲಿನಿಂದ ಸರ್ಕಾರದ ಹೆಗಲಿಗೆ ವರ್ಗಾಯಿಸಬೇಕೆಂದು ನಾನು ಹೇಳುತ್ತಿರುವುದು.

ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವ ಕುಟುಂಬದ ವಿದ್ಯಾರ್ಥಿ ವಿದೇಶದ ಮಾನ್ಯ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪಡೆದರೆ, ಅಡಮಾನ ಕೇಳದೆ ಸಾಲ ನೀಡಲು ವಿದ್ಯಾಲಕ್ಷ್ಮಿ ಯೋಜನೆಯ ಖಾತರಿಯನ್ನು ವಿಸ್ತರಿಸಬೇಕು. ಕೇಂದ್ರ ಒಪ್ಪದಿದ್ದರೆ ರಾಜ್ಯ ಸರ್ಕಾರವೇ ತನ್ನ ಅಭಿವೃದ್ಧಿ ನಿಗಮಗಳ ಮೂಲಕ ಅಂಥ ಖಾತರಿಯನ್ನು ಕೊಡಬಹುದು. ಹಕ್ಕುಪತ್ರದ ಮನೆಯನ್ನು ಅಡವಿಡಿಸುವ ದಾರಿ ಹುಡುಕುವುದು ಬೇಡ. ಆ ಮನೆ ಹಾಗೆಯೇ ಭದ್ರವಾಗಿರಲಿ. ಪರೀಕ್ಷಾ ಶುಲ್ಕ, ಅರ್ಜಿ ಶುಲ್ಕ, ದೃಢೀಕರಣ, ವೀಸಾಗಳ ಆರಂಭದ ಖರ್ಚಿಗಾಗಿ ಪ್ರತಿ ಜಿಲ್ಲೆಯಲ್ಲಿ ಒಂದು ನಿಧಿ ಬೇಕು. ಇದಕ್ಕೆ ಸರ್ಕಾರವನ್ನೇ ಕಾಯಬೇಕಾಗಿಲ್ಲ. ನಮ್ಮ ಜಿಲ್ಲೆಗಳ ಜಾತಿ ಸಂಘಗಳು, ದೇವಸ್ಥಾನಗಳು, ಚರ್ಚುಗಳು, ಜಮಾಅತ್‌ಗಳು, ದುಬೈ ಮತ್ತು ಮುಂಬಯಿಯ ಕೂಟಗಳು ಪ್ರತಿ ವರ್ಷ ವಿದ್ಯಾರ್ಥಿವೇತನ ಹಂಚುತ್ತವೆ. ಅವುಗಳ ಸೇವೆ ದೊಡ್ಡದು, ಆದರೆ ಹೆಚ್ಚಿನವು ತಮ್ಮವರಿಗೆ ಮಾತ್ರ. ಹೊರದೇಶದಲ್ಲಿ ದುಡಿಯುವವರೇ ಇಲ್ಲದ ಸಮುದಾಯದ ಮಗುವಿಗೆ, ಉದಾಹರಣೆಗೆ ಕರಾವಳಿಯ ಆದಿವಾಸಿಗಳಾದ ಕೊರಗರ ಮಗುವಿಗೆ, ಅಂಥ ಸಂಘವೇ ಇಲ್ಲ ಅಥವಾ ಅದರ ಬಳಿ ಹಣವಿಲ್ಲ. ತಮ್ಮ ನಿಧಿಯ ಹತ್ತರಲ್ಲೊಂದು ಪಾಲನ್ನು ಜಾತಿ, ಮತ ನೋಡದ ಸಾಮಾನ್ಯ ನಿಧಿಗೆ ಕೊಡಲು ಈ ಸಂಸ್ಥೆಗಳು ಮುಂದಾದರೆ ಆರಂಭದ ಖರ್ಚಿನ ಅಡ್ಡಿ ಬಹಳಷ್ಟು ಕಡಿಮೆಯಾಗುತ್ತದೆ.

ಮಾಹಿತಿಯ ವಿಚಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಉಚಿತ ಮಾರ್ಗದರ್ಶನ ಕೇಂದ್ರವೊಂದನ್ನು ತೆರೆಯಲಿ. ಸುರತ್ಕಲ್‌ನ ಎನ್‌ಐಟಿಕೆ ಮತ್ತು ಇತರ ಕಾಲೇಜುಗಳಿಂದ ಓದಿ ಹೊರದೇಶದಲ್ಲಿರುವ ನೂರಾರು ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ತಾಸು ಫೋನಿನಲ್ಲಿ ಮಾತನಾಡಲು ಸಿದ್ಧರಿರುತ್ತಾರೆ, ಅವರನ್ನು ಕೇಳುವವರು ಬೇಕು. ನನ್ನಂತೆ ನಿವೃತ್ತರಾದ ಬ್ಯಾಂಕ್ ನೌಕರರು ಉಡುಪಿ, ಮಂಗಳೂರುಗಳಲ್ಲಿ ಬಹಳ ಮಂದಿ ಇದ್ದೇವೆ. ಸಾಲದ ಅರ್ಜಿ ತುಂಬಿಸಿಕೊಡುವುದು, ಬಡ್ಡಿ ಸಹಾಯಧನದ ದಾಖಲೆ ಜೋಡಿಸಿಕೊಡುವುದು, ತಿರಸ್ಕೃತವಾದರೆ ಮೇಲ್ಮನವಿ ಬರೆದುಕೊಡುವುದು ನಮ್ಮಿಂದ ಆಗುವ ಕೆಲಸ. ಯಾವುದೇ ಸರ್ಕಾರಿ ಕಾಲೇಜು ಕರೆದರೆ ಬರಲು ನಾನು ಸಿದ್ಧ.

ಕೊನೆಯದಾಗಿ ತಮ್ಮಲ್ಲಿಯೂ ಒಂದು ವಿನಂತಿ. ವಿದೇಶ ಶಿಕ್ಷಣ ಮೇಳಗಳ ಜಾಹೀರಾತು ಬರುವ ವಾರಗಳಲ್ಲೇ, ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಪ್ರಬುದ್ಧ, ನಿಗಮಗಳ ‘ಅರಿವು’ ಶಿಕ್ಷಣ ಸಾಲ ಮುಂತಾದವುಗಳ ಅರ್ಜಿಯ ದಿನಾಂಕ, ಅರ್ಹತೆ, ಬೇಕಾದ ದಾಖಲೆ ಮತ್ತು ಅರ್ಜಿ ಕೊಡಬೇಕಾದ ಕಚೇರಿಯ ವಿವರವನ್ನು ಸ್ಥಳೀಯ ಪುಟದಲ್ಲಿ ಕಾಣುವಂತೆ, ಒಮ್ಮೆಯಲ್ಲ, ಕೊನೆಯ ದಿನಾಂಕದವರೆಗೆ ಪ್ರತಿ ವಾರ ಪ್ರಕಟಿಸಿ. ತಾಲ್ಲೂಕಿನ ಹಾಸ್ಟೆಲುಗಳಿಗೆ ಬರುವ ಪತ್ರಿಕೆ ತಮ್ಮದು. ಅಲ್ಲಿನ ವಿದ್ಯಾರ್ಥಿಗಳು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ